ತವರದ ಪದಕದವರು ಪಟ್ಟಣಕ್ಕೆ ಹೋದದ್ದು

ನಮ್ಮ ಸೀಮೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವವರು ಮೂರು ಥರ. ರಂಗನಾಥನ ದರ್ಶನಕ್ಕೆ ಹೋಗುವವರು, ಸತ್ತವರ ಬೂದಿ ಬಿಡಲು ಹೋಗುವವರು, ಶಾಲೆಯ ಟೂರಿನಲ್ಲಿ ಹೋಗುವ ಮಕ್ಕಳು. ಈಗ ಕೆಲವು ವರ್ಷಗಳಿಂದ ನಾಲ್ಕನೆಯ ಥರವೊಂದು ಹುಟ್ಟಿಕೊಂಡಿದೆ. ಲಾರಿಯಲ್ಲಿ ತುಂಬಿಸಿಕೊಂಡು ಹೋಗುವವರು. ಹೆಗಲಿಗೊಂದು ಟವೆಲ್ಲು, ಕೈಗೊಂದು ಬಾವುಟ, ಮಧ್ಯಾಹ್ನಕ್ಕೆ ಚಿತ್ರಾನ್ನದ ಪೊಟ್ಟಣ. ಹಾಗೆ ಹೋಗಿ ಗಂಟಲು ಹರಿಯುವಂತೆ ಕೂಗಿ ಬಂದ ನಮ್ಮ ಕೇರಿಯ ಹುಡುಗನೊಬ್ಬನನ್ನು ಅಜ್ಜ ಕೇಳಿದ: 'ಏನ್ಲಾ ಮಗ, ಪಟ್ಣದಾಗೆ ಏನೇನ್ ನೋಡ್ದೆ?' ಹುಡುಗ ತಲೆ ಕೆರೆದುಕೊಂಡು, 'ಜನ ನೋಡ್ದೆ ಕಣಜ್ಜ, ಪೊಲೀಸ್ರು ನೋಡ್ದೆ' ಅಂದ.

ಡಿಗ್ರಿ ಓದುವ ಹುಡುಗ. ಅವನ ಅಪ್ಪ ತೋಟಗಳಲ್ಲಿ ಕಾಯಿ ಸುಲಿಯುತ್ತಾನೆ. ಸಾವಿರಕ್ಕಿಷ್ಟು ಅಂತ ಕೂಲಿ. ಅವನಿಗೆ ಆ ಲಾರಿಯಲ್ಲಿ ಸಿಕ್ಕ ಮರ್ಯಾದೆ ಊರಿನ ಹೋಟೆಲಿನಲ್ಲಿ ಸಿಕ್ಕಿಲ್ಲ. ಅವನನ್ನು 'ಜೀ' ಅಂದರಂತೆ. ಈ 'ಜೀ' ಅನ್ನುವುದರ ಬೆಲೆ ಏನು ಅಂತ ಅವನಿಗೆ ಭಾಷಣದಲ್ಲಿ ಹೇಳಿದರೆ ಆಗುವುದಿಲ್ಲ, ಆ ಊರನ್ನೇ ನಡೆಸಿ ತೋರಿಸಬೇಕು ಅಂತ ನಮಗನ್ನಿಸಿತು. ಹಾಗಾಗಿ ಕೆಂಕೆರೆಯಿಂದಲೂ ಸುತ್ತಲ ಹಳ್ಳಿಗಳಿಂದಲೂ ಒಂಬತ್ತು ಜನ ಹೊರಟೆವು. ಅಜ್ಜ, ಒಬ್ಬರು ಪ್ರೈಮರಿ ಶಾಲೆ ಮೇಷ್ಟ್ರು, ಕಾಯಿ ಸುಲಿಯುವ ಇಬ್ಬರು, ನಾರಿನ ಕೆಲಸಕ್ಕೆ ಹೋಗುವ ಇಬ್ಬರು ಅಕ್ಕಂದಿರು, ಮೂವರು ವಿದ್ಯಾರ್ಥಿಗಳು. ಅಕ್ಕಂದಿರಿಗೆ ಬಸ್ಸು ಬಿಟ್ಟಿ. 2023ರ ಜೂನಿನಿಂದ ಅವರು ನಮಗಿಂತ ಹೆಚ್ಚು ದೇಶ ಸುತ್ತಿದ್ದಾರೆ, ನಮ್ಮ ಟಿಕೆಟ್ಟಿನ ದುಡ್ಡನ್ನು ಲೆಕ್ಕ ಹಾಕಿ ನಕ್ಕರು. ಹುಳಿಯಾರು, ತಿಪಟೂರು, ತುರುವೇಕೆರೆ, ನಾಗಮಂಗಲ. ಆಮೇಲೆ ಎರಡು ದಿನ ಆ ದ್ವೀಪದಲ್ಲಿ ನಡಿಗೆ. ಆಟೋ ಹತ್ತಲಿಲ್ಲ, ಟಾಂಗಾ ಹತ್ತಲಿಲ್ಲ, ಗೈಡನ್ನು ಹಿಡಿಯಲಿಲ್ಲ.

ಗೆಳೆಯರೇ, ಇದು ಪ್ರವಾಸ ಕಥನ ಅಲ್ಲ. ಆ ಊರಿನ ಕಲ್ಲುಗಳ ಮೇಲೆ ನಮಗೊಂದು ತಕರಾರಿದೆ, ಅದನ್ನು ಬರೆಯುತ್ತಿದ್ದೇವೆ.

ಕಾವೇರಿ ಪಟ್ಟಣದ ಮೇಲ್ಗಡೆ ಎರಡಾಗಿ ಸೀಳಿ, ಕೆಳಗಡೆ ಸಂಗಮದಲ್ಲಿ ಮತ್ತೆ ಕೂಡುತ್ತಾಳೆ. ನಡುವಿನ ಈ ತುಂಡು ನೆಲಕ್ಕಾಗಿ ಎಷ್ಟು ಜನ ಕಚ್ಚಾಡಿದರು! 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯ ಕೈಯಿಂದ ಕಿತ್ತುಕೊಂಡರು. ಆಮೇಲೆ ಹೈದರ, ಆಮೇಲೆ ಟಿಪ್ಪು. 1792ರಲ್ಲಿ ಕಾರ್ನ್‌ವಾಲಿಸ್ ಬಂದು ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆ ಹಿಡಿದು ಹೋದ. ಆ ದುಡ್ಡಿನ ವಸೂಲಿ ಪ್ರಜೆಗಳ ಬೆನ್ನ ಮೇಲೂ ಬಿತ್ತು. 1799ರ ಮೇ 4ರಂದು ಹ್ಯಾರಿಸನ ಸೈನ್ಯ ಕೋಟೆ ನುಗ್ಗಿತು, ಟಿಪ್ಪು ಕಾದಾಡುತ್ತಾ ಸತ್ತ. ಬಿಳಿಯರ ಮುಂದೆ ಮಂಡಿಯೂರಿ ಪಿಂಚಣಿ ತಿನ್ನಲಿಲ್ಲ. ಆ ಸಾವಿಗೆ ನಮ್ಮ ಗೌರವವಿದೆ, ಇದನ್ನು ಮೊದಲೇ ಹೇಳಿಬಿಡುತ್ತೇವೆ. ಇಷ್ಟು ಎಲ್ಲ ಪಾಠಪುಸ್ತಕದಲ್ಲೂ ಇದೆ. ಮೇಷ್ಟ್ರು ಟೂರಿನ ಮಕ್ಕಳನ್ನು ಕರೆದುಕೊಂಡು ಮೂರು ಸಲ ಬಂದು ಇಷ್ಟನ್ನೇ ಹೇಳಿ ಹೋಗಿದ್ದರಂತೆ. 'ನಾಲ್ಕನೇ ಸಲ ಬಂದಾಗ ಕಣ್ಣು ಬಿಟ್ಟೆ' ಅಂದರು.

ಕೋಟೆಯ ಗೋಡೆ ಒಡೆದ ಜಾಗದ ಹತ್ತಿರ ಒಂದು ಕಲ್ಲಿನ ಸ್ತಂಭ ಇದೆ. ಕೋಟೆ ಹಿಡಿಯುವಾಗ ಸತ್ತ ಕಂಪನಿ ಸೈನ್ಯದ ನೆನಪಿಗೆ. ಇಂಗ್ಲಿಷರು ನೆಟ್ಟುಕೊಂಡಿದ್ದರೆ ಅವರ ಪಾಡು ಅನ್ನಬಹುದಿತ್ತು. ನೆಟ್ಟದ್ದು 1907ರಲ್ಲಿ, ಮೈಸೂರು ಮಹಾರಾಜರ ಸರ್ಕಾರ! ಸತ್ತ ಆಫೀಸರುಗಳ ಹೆಸರುಗಳನ್ನು ಕೆತ್ತಿಸಿದ್ದಾರೆ. ಹುಡುಗರು ಒಂದೊಂದಾಗಿ ಓದಿದರು. ಅಜ್ಜ ಕೇಳಿದ: 'ನಮ್ ಪೈಕಿ ಹೆಸರು ಯಾವ್ದಾರಾ ಐತೇನ್ರಪ್ಪಾ?' ಇಲ್ಲ. ಕಂಪನಿ ಸೈನ್ಯ ಅಂದರೆ ಬರೀ ಬಿಳಿಯರೇ? ಮದ್ರಾಸಿನ ಸಿಪಾಯಿಗಳು, ಗೋಡೆ ಒಡೆಯುವ, ಕಂದಕ ತೋಡುವ, ದಾರಿ ಮಾಡುವ ಪಯನೀರುಗಳು, ಡೋಲಿ ಹೊತ್ತವರು, ಎತ್ತು ಹೊಡೆದವರು, ಹುಲ್ಲು ಕೊಯ್ದವರು ಎಲ್ಲ ಇದ್ದರು. ಕತ್ತಿ ಬಂದೂಕು ಹಿಡಿದವರಿಗಿಂತ ಹಿಂದೆ ಬಂದ ಈ ಜನವೇ ಹಲವು ಪಟ್ಟು. ಮದ್ರಾಸಿನ ಪಯನೀರ್, ಸ್ಯಾಪರ್ ಪಡೆಗಳಲ್ಲಿ ಪರೆಯರ ಸಂಖ್ಯೆ ದೊಡ್ಡದಿತ್ತು. ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಯುದ್ಧಗೌರವದ ಪಟ್ಟಿಯಲ್ಲಿ 'ಸೆರಿಂಗಪಟಂ' ಅನ್ನುವ ಹೆಸರು ಇವತ್ತಿಗೂ ಇದೆ. ಪಡೆಗೆ ಗೌರವ ಉಂಟು, ಸತ್ತವನಿಗೆ ಹೆಸರಿಲ್ಲ.

ಭೀಮಾ ಕೋರೆಗಾಂವದ ಸ್ತಂಭ ನೆನಪಾಗದೆ ಇರುತ್ತದೆಯೇ? ಅದೂ ಕಂಪನಿಯೇ ನೆಟ್ಟದ್ದು. 1818ರ ಜನವರಿ 1ರಂದು ಅಲ್ಲಿ ಸತ್ತ ಮಹಾರ್ ಸಿಪಾಯಿಗಳ ಇಪ್ಪತ್ತೆರಡು ಹೆಸರು ಆ ಕಲ್ಲಿನಲ್ಲಿವೆ. ಹೆಸರಿತ್ತು, ಅದಕ್ಕೇ 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿ ಹೋಗಿ ನಿಂತರು. ಹೆಸರಿಲ್ಲದ ಕಲ್ಲಿನ ಮುಂದೆ ಯಾರು ಹೋಗಿ ನಿಲ್ಲುತ್ತಾರೆ? ನಮ್ಮ ಗೆಳೆಯರಲ್ಲಿ ಕೆಲವರು ಹೇಳುವುದುಂಟು: 'ಏನಾದರಾಗಲಿ, ಕಂಪನಿ ನಮ್ಮವರ ಕೈಗೆ ಬಂದೂಕು ಕೊಟ್ಟಿತಲ್ಲ.' ಕೊಟ್ಟಿತು. ಎಷ್ಟು ದಿನ? ದೇಶ ಗೆಲ್ಲುವವರೆಗೆ. ಗೆದ್ದಾದ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ಬಿಳಿಯರ ಸರ್ಕಾರ ನಿಲ್ಲಿಸಿತು. ಇದನ್ನು ಬಾಬಾಸಾಹೇಬರೇ ಎತ್ತಿ ಎತ್ತಿ ಆಡಿದ್ದಾರೆ.

ಕಂಪನಿಯ ಮನಸ್ಸು ಎಂಥದ್ದು ಅನ್ನುವುದಕ್ಕೆ ಇನ್ನೊಂದು ಸಂಗತಿ ಹೇಳಬೇಕು. ಪಟ್ಟಣ ಗೆದ್ದದ್ದಕ್ಕೆ ಕಂಪನಿ ಒಂದು ಪದಕ ಹೊಡೆಸಿತು. ಒಂದು ಕಡೆ ಇಂಗ್ಲಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೆ ಕೂತಿದೆ. ಅಚ್ಚು ಎಲ್ಲರಿಗೂ ಒಂದೇ. ಆದರೆ ಲೋಹ? ಜನರಲ್ಲುಗಳಿಗೆ ಚಿನ್ನ. ಅವರಿಗಿಂತ ಕೆಳಗಿನ ದೊಡ್ಡ ಆಫೀಸರುಗಳಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ. ಸಣ್ಣ ಆಫೀಸರುಗಳಿಗೆ ಬೆಳ್ಳಿ. ಅದಕ್ಕೂ ಕೆಳಗಿನವರಿಗೆ ಕಂಚು. ಸಾಮಾನ್ಯ ಸಿಪಾಯಿಗೆ ತವರ. ಎಣಿಸಿರಿ. ಒಂದು, ಎರಡು, ಮೂರು, ನಾಲ್ಕು, ಐದು! ನಮ್ಮ ಮನುವಿಗೆ ಗೊತ್ತಿದ್ದ ಲೆಕ್ಕ ಲಂಡನ್ನಿನ ಕಂಪನಿಗೂ ಎಷ್ಟು ಚೆನ್ನಾಗಿ ಗೊತ್ತಿತ್ತು. ಐದನೆಯವನಿಗೆ ತವರ. ಅವನ ಹಿಂದೆ ಡೋಲಿ ಹೊತ್ತು ಬಂದವನಿಗೆ ತವರವೂ ಇಲ್ಲ. ಲೂಟಿಯ ಹಂಚಿಕೆಯೂ ಹಾಗೇ. ಹ್ಯಾರಿಸನ ಪಾಲಿಗೆ ಬಂದದ್ದು 1,40,000 ಪೌಂಡಿಗೂ ಮೇಲೆ. ಬಿಳಿಯ ಸಾಮಾನ್ಯ ಸಿಪಾಯಿಗೆ ಏಳು ಪೌಂಡಿನಷ್ಟು, ಕರಿಯ ಸಿಪಾಯಿಗೆ ಐದು ಪೌಂಡಿನಷ್ಟು. ಅದೇ ಲೂಟಿಯ ಟಿಪ್ಪುವಿನ ಒಂದು ಕತ್ತಿ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಅವನ ಮರದ ಹುಲಿ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ.

ಪದಕದ ಕಥೆ ಕೇಳಿದ ಹುಡುಗ, 'ಹಂಗಾದ್ರೆ ನಮ್ಗೆ ಕೊಟ್ಟ ಟವೆಲ್ಲು ಯಾವ ಲೋಹ ಮೇಷ್ಟ್ರೇ?' ಅಂದ. ಮೇಷ್ಟ್ರು ಉತ್ತರ ಕೊಡಲಿಲ್ಲ.

ಬೇಲಿ ಸಾಹೇಬನ ಬಂಧೀಖಾನೆಗೆ ಇಳಿದೆವು. 1780ರಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಸೆರೆ ಸಿಕ್ಕ ಇಂಗ್ಲಿಷ್ ಆಫೀಸರುಗಳನ್ನು ಕೂಡಿದ್ದರು ಅಂತ ಹೇಳುವ ಜಾಗ. ಗೋಡೆಯಲ್ಲಿ ಕಲ್ಲಿನ ಹಲಗೆಗಳು, ಸರಪಳಿ ಬಿಗಿಯಲು ತೂತುಗಳು. ಟೂರಿನ ಮಕ್ಕಳು ತೂತಿಗೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಕರ್ನಲ್ ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ, ಅವನಿಗೆ 1816ರಲ್ಲಿ ಗುಂಬಜ್ ಹತ್ತಿರ ಒಂದು ಸ್ಮಾರಕ ಎದ್ದಿತು. ಡೇವಿಡ್ ಬೇರ್ಡ್ ಅನ್ನುವವನು ಮೂರೂವರೆ ವರ್ಷ ಈ ಊರಿನಲ್ಲಿ ಸರಪಳಿಯಲ್ಲಿದ್ದು, 1799ರಲ್ಲಿ ಬಂದು ಕೋಟೆ ನುಗ್ಗಿದ ದಂಡಿನ ಮುಂದೆ ನಿಂತು ಸೇಡು ತೀರಿಸಿಕೊಂಡ.

ಅಜ್ಜ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಲು ಹೋಗಿ, ಕಾವಲಿನವನು ಗದರಿದ್ದಕ್ಕೆ ಜೇಬಿಗೆ ಇಟ್ಟುಕೊಂಡ. ಆಮೇಲೆ ಹೇಳಿದ: 'ಮೂರೂವರೆ ವರ್ಸ ಅಂತೀರಿ. ನಮ್ಮಪ್ಪ ಹದಿನೆಂಟು ವರ್ಸ ಜೀತ ಇದ್ದ. ಮದ್ವೆಗೆ ತಗೊಂಡ ನೂರಿಪ್ಪತ್ತು ರೂಪಾಯಿಗೆ. ಕೊಟ್ಟಿಗೆನಾಗೆ ಎತ್ತಿನ್ ಪಕ್ಕ ಮಲಗ್ತಿದ್ದ. ಆಮೇಲೆ ನಾನು ಹೋದೆ. ಆ ಕೊಟ್ಟಿಗೆ ಈಗ್ಲೂ ಐತೆ, ಕೊಬ್ಬರಿ ತುಂಬವ್ರೆ. ಅಲ್ಲಿಗೆ ಯಾರೂ ಬೋಲ್ಡು ಹಾಕ್ಲಿಲ್ಲ.'

ಜೀತ ರದ್ದಿನ ಕಾಯಿದೆ ಬಂದದ್ದು 1976ರಲ್ಲಿ. ಬೇರ್ಡ್ ಸಾಹೇಬ ಬಿಡುಗಡೆಯಾದದ್ದು 1784ರಲ್ಲಿ. ನಡುವೆ ನೂರತೊಂಬತ್ತೆರಡು ವರ್ಷ ಈ ನಾಡಿನ ಕೊಟ್ಟಿಗೆಗಳೆಲ್ಲ ಬಂಧೀಖಾನೆಗಳೇ ಆಗಿದ್ದವು. ರಾಜ ಬದಲಾದ, ದಿವಾನ ಬದಲಾದ, ಬಾವುಟ ಬದಲಾಯಿತು. ಕೊಟ್ಟಿಗೆಯ ಬಾಗಿಲು ಯಾರೂ ತೆಗೆಯಲಿಲ್ಲ. ಪುರಾತತ್ವ ಇಲಾಖೆಯವರನ್ನು ನಾವು ಕೇಳುತ್ತೇವೆ, ಎಂಥ ಸರಪಳಿಯಾದರೆ ನಿಮ್ಮ ಬೋರ್ಡಿಗೆ ಲಾಯಕ್ಕು?

ಉತ್ತರದ ಹೊಳೆಗೆ ಕಟ್ಟಿರುವ ವೆಲ್ಲೆಸ್ಲಿ ಸೇತುವೆಯ ಮೇಲೆ ಬಹಳ ಹೊತ್ತು ನಿಂತೆವು. 1804ರಲ್ಲಿ ಮುಗಿದದ್ದು. ಕಲ್ಲಿನ ಕಂಬ, ಕಲ್ಲಿನ ತೊಲೆ, ಎಲ್ಲಾ ಇಡಿಗಲ್ಲುಗಳು. ಎರಡು ಶತಮಾನದ ಪ್ರವಾಹಕ್ಕೆ ಎದೆ ಕೊಟ್ಟು ನಿಂತಿದೆ. ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು, ಅವನು ಒಂದು ಕಲ್ಲನ್ನೂ ಮುಟ್ಟಿದವನಲ್ಲ. ಕಟ್ಟಿಸಿದ ಕೀರ್ತಿ ದಿವಾನ್ ಪೂರ್ಣಯ್ಯನವರದು. ಟಿಪ್ಪುವಿನ ಕೈಕೆಳಗೂ ದೊಡ್ಡ ಅಧಿಕಾರಿ, ಟಿಪ್ಪು ಸತ್ತ ಮೇಲೂ ದಿವಾನರು, 1807ರಲ್ಲಿ ಯಳಂದೂರು ಜಹಗೀರಿ. ನಮ್ಮ ಜನ ಯಾವ ಕಡೆ ಇದ್ದರೂ ಸತ್ತರು, ಇವರು ಯಾವ ಕಡೆ ಇದ್ದರೂ ಉಳಿದರು. ಇದೊಂದು ವಿದ್ಯೆ! ಕಲ್ಲು ಒಡೆದವರು, ಉರುಳಿಸಿದವರು, ಸೊಂಟಮಟ್ಟ ನೀರಿನಲ್ಲಿ ನಿಂತು ಕಂಬ ನೆಟ್ಟವರು ಯಾರೆಂದು ಯಾವ ಶಾಸನವೂ ಹೇಳುವುದಿಲ್ಲ. ನಮ್ಮ ಹಳ್ಳಿಯ ಕಲ್ಲೊಡ್ಡರ ಮನೆಯ ಮುದುಕನ ಬೆರಳುಗಳನ್ನು ನೋಡಿದವರಿಗೆ ಹೇಳಬೇಕಾದ್ದೂ ಇಲ್ಲ.

ಇನ್ನು ನಮ್ಮ ಸೀಮೆಗೂ ಈ ಪಟ್ಟಣಕ್ಕೂ ಇರುವ ನಂಟು. ಇದು ನಮಗೆ ಬಹಳ ಮುಖ್ಯದ ಮಾತು, ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕೋಟೆಯಿಂದ ಪೂರ್ವಕ್ಕೆ ಗಂಜಾಂ ಅನ್ನುವ ಪೇಟೆ ಇದೆ. ಟಿಪ್ಪು ಬೆಳೆಸಿದ್ದು. ಪೇಟೆಗೆ ಜನ ಬೇಕಲ್ಲ? ನಮ್ಮ ಪಕ್ಕದ ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ತಂದು ಇಲ್ಲಿ ಹಾಕಿದ ಅಂತ ಲೂಯಿಸ್ ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಶಿರಾದಿಂದ ಪಟ್ಟಣಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ನಾವು ಬಸ್ಸಿನಲ್ಲಿ ಕೂತು ಬಂದು ಎರಡು ದಿನ ನಡೆದದ್ದಕ್ಕೇ ಕಾಲು ಹಿಡಿದುಕೊಂಡಿದ್ದೆವು. ಅವರು ಹೆಗಲಿಗೆ ಕೂಸು, ತಲೆಗೆ ಮಡಕೆ ಹೊತ್ತು ಬಂದಿರಬೇಕು. ಸುಲ್ತಾನನ ಹುಕುಮ್ಮಿಗೆ ಊರು ಬಿಟ್ಟವರು. ಟಿಪ್ಪುವನ್ನು ಬೈಯುವವರು ಈ ಮಾತು ಆಡುವುದಿಲ್ಲ, ಅವರ ದುಃಖ ದೇವಸ್ಥಾನದ್ದು. ಹೊಗಳುವವರೂ ಆಡುವುದಿಲ್ಲ, ಅವರ ಹುಲಿಗೆ ಮಸಿ ಹತ್ತುತ್ತದೆ. ನಾವು ಆಡುತ್ತೇವೆ. ಹೋದವರ ಪಟ್ಟಿ ಯಾರ ಹತ್ತಿರವೂ ಇಲ್ಲ. ಆದರೆ ಹನ್ನೆರಡು ಸಾವಿರ ಮನೆ ಎದ್ದು ಹೋಗುವಾಗ ಕೇರಿಗಳನ್ನು ಬಿಟ್ಟು ಹೋದರು ಅಂತ ನಂಬುವುದು ಹೇಗೆ? ಪೇಟೆ ಎಂದ ಮೇಲೆ ಗುಡಿಸುವವರು ಬೇಕು, ಸತ್ತ ದನ ಎಳೆಯುವವರು ಬೇಕು, ಮೆಟ್ಟು ಹೊಲೆಯುವವರು ಬೇಕು.

ಎರಡನೆಯದು ದನ. ನಮ್ಮ ಕಡೆ ಕಾವಲು ಅಂದರೆ ಮಕ್ಕಳಿಗೂ ಗೊತ್ತು. ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ ದೊಡ್ಡದು ಮಾಡಿದ, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಯ ಹುಲ್ಲುಗಾವಲುಗಳಲ್ಲಿ ಮೇಯ್ದ ಈ ಎತ್ತುಗಳೇ ತೋಪು ಎಳೆದದ್ದು. ಹೈದರನ ದಂಡು ಇವುಗಳ ಬಲದಿಂದ ಎರಡೂವರೆ ದಿನಕ್ಕೆ ನೂರು ಮೈಲಿ ಹೋಯಿತು ಅಂತ ಇವತ್ತಿಗೂ ಬರೆಯುತ್ತಾರೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ, ಚಿಕ್ಕಮಗಳೂರು ಕಡೆ ಅಜ್ಜಂಪುರದಲ್ಲಿ ಸರ್ಕಾರ ಈಗಲೂ ಆ ತಳಿ ಸಾಕುತ್ತಿದೆ. 1799ರ ನಂತರ ಅದೇ ದನ ಕಂಪನಿಯ ತೋಪು ಎಳೆಯಿತು. ದನಕ್ಕೇನು, ಯಾರು ನೊಗ ಇಟ್ಟರೂ ಎಳೆಯುತ್ತದೆ. ನಮ್ಮನ್ನೂ ಹಾಗೇ ಅಂದುಕೊಂಡಿದ್ದಾರೆ.

ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧದ ಚಿತ್ರ ಇದೆಯಲ್ಲ, 1784ರಲ್ಲಿ ಕಟ್ಟಿಸಿದ ಆ ಅರಮನೆಯಲ್ಲಿ, ಅದರ ಮುಂದೆ ಅಜ್ಜ ಅರ್ಧ ಗಂಟೆ ನಿಂತ. ಎಲ್ಲರೂ ಆನೆ ಮೇಲೆ ಕೂತ ಹೈದರನನ್ನು, ಪಲ್ಲಕ್ಕಿಯಲ್ಲಿ ಕೂತ ಬೇಲಿಯನ್ನು ತೋರಿಸುತ್ತಿದ್ದರೆ ಅಜ್ಜ ಕುದುರೆಗಳ ಪಟ್ಟಿ, ಜೀನು, ಕತ್ತಿಯ ಒರೆ ನೋಡುತ್ತಿದ್ದ. 'ಎಲ್ಲಾ ತೊಗಲು ಕಣ್ರಪ್ಪ' ಅಂದ. ಅವನು ಐವತ್ತು ವರ್ಷ ತೊಗಲು ಹದ ಮಾಡಿದವನು, ಬಾವಿಯ ಕಪಿಲೆಗೆ ಬಾನೆ ಹೊಲಿದವನು, ತಮಟೆ ಬಿಗಿದವನು. ಆ ಮಾತಿನಿಂದ ನಮಗೆ ಇಡೀ ಪಟ್ಟಣ ಬೇರೆಯಾಗಿ ಕಾಣಿಸಿತು. ಟಿಪ್ಪುವಿನ ರಾಕೆಟ್ಟು ಅಂತ ಮೆರೆಯುತ್ತೇವೆ. ಅಮೆರಿಕದ ನಾಸಾದಲ್ಲಿ ಅದರ ಚಿತ್ರ ನೋಡಿದ್ದನ್ನು ಕಲಾಂ ಸಾಹೇಬರು ಬರೆದರು, 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯಲ್ಲಿ ಸಾವಿರದಷ್ಟು ರಾಕೆಟ್ಟು ಸಿಕ್ಕವು ಅಂತ ಪೇಪರಿನಲ್ಲಿ ಬಂತು. ಆ ಕಬ್ಬಿಣದ ಕೊಳವೆಯನ್ನು ಬಿದಿರಿಗೆ ಬಿಗಿದದ್ದು ಯಾವುದರಿಂದ? ತೊಗಲಿನ ದಾರದಿಂದ. ಹಸಿ ಚರ್ಮವನ್ನು ಸುಣ್ಣಕ್ಕೆ ಹಾಕಿ, ತಂಗಡಿ ಚಕ್ಕೆಯಲ್ಲಿ ಊರಿಸಿ, ನಾರುವ ಲಂದದಲ್ಲಿ ಕಾಲಿಟ್ಟು ತುಳಿದವರು ಯಾರು? ಸುಲ್ತಾನನ ವಿಜ್ಞಾನದಲ್ಲಿ ಮಾದಿಗನ ವಿಜ್ಞಾನ ಎಷ್ಟು ಸೇರಿತ್ತು ಅಂತ ಯಾವ ಪ್ರೊಫೆಸರು ಬರೆದಿದ್ದಾನೆ? ಕಮ್ಮಾರನ ಬೆಂಕಿ, ಮಾದಿಗನ ತೊಗಲು ಇಲ್ಲದಿದ್ದರೆ ಯಾವ ಹುಲಿಯ ಬಾಯಲ್ಲೂ ಹಲ್ಲಿರುತ್ತಿರಲಿಲ್ಲ.

ಆ ಕಾವಲುಗಳ ಇವತ್ತಿನ ಗತಿಯನ್ನೂ ಹೇಳಿಬಿಡಬೇಕು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಅಮೃತಮಹಲ್ ಕಾವಲನ್ನು 2009ರ ಆಸುಪಾಸಿನಲ್ಲಿ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಬರೆದುಕೊಟ್ಟರು. ಕುರಿ ಮೇಯಿಸುತ್ತಿದ್ದವರಿಗೆ, ಸೌದೆ ಸಗಣಿ ಆಯುತ್ತಿದ್ದ ಹೆಂಗಸರಿಗೆ ಒಂದು ಮಾತು ಕೇಳಲಿಲ್ಲ. ಗೋಡೆ ಎದ್ದಿತು. ರಾಕೆಟ್ಟಿಗೂ ನಮಗೂ ಇರುವ ಸಂಬಂಧ ಹಿಂದೆಯೂ ಹೀಗೇ, ಈಗಲೂ ಹೀಗೇ.

ಗಂಜಾಂನಲ್ಲಿ ಅಬ್ಬೆ ದುಬೊಯಿ ಕಟ್ಟಿದ ಚರ್ಚು ನೋಡಿದೆವು. ಫ್ರೆಂಚ್ ಪಾದ್ರಿ. ಇಲ್ಲಿಯ ಜನ ಅವನನ್ನು ದೊಡ್ಡ ಸ್ವಾಮಿಯೋರು ಅನ್ನುತ್ತಿದ್ದರು. ಒಳ್ಳೆಯ ಕೆಲಸವನ್ನೂ ಮಾಡಿದ. 1803-04ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿದ. ಅಮ್ಮನ ಹೆಸರಿನಲ್ಲಿ ಕೋಣ ಕಡಿದು ಮಕ್ಕಳನ್ನು ಕಳೆದುಕೊಳ್ಳುತ್ತಿದ್ದ ಕಾಲ, ಅದು ಸಣ್ಣ ಕೆಲಸ ಅಲ್ಲ, ಕೈ ಮುಗಿಯುತ್ತೇವೆ. ಆದರೆ ಅದೇ ಕೈ ಹಿಂದೂಗಳ ಆಚಾರ ವಿಚಾರದ ಬಗ್ಗೆ ಪುಸ್ತಕ ಬರೆಯಿತು, 1807ರಲ್ಲಿ ಕಂಪನಿ ಅದರ ಹಸ್ತಪ್ರತಿಯನ್ನು ಎರಡು ಸಾವಿರ ವರಹಕ್ಕೆ ಕೊಂಡುಕೊಂಡಿತು. ಅದರಲ್ಲಿ ದೊಡ್ಡ ಸ್ವಾಮಿಯೋರು ಏನು ಹೇಳುತ್ತಾರೆ? ಜಾತಿ ಅನ್ನುವುದು ಹಿಂದೂ ಶಾಸ್ತ್ರಕಾರರು ಮಾಡಿದ ಅತ್ಯುತ್ತಮ ಏರ್ಪಾಡಂತೆ! ಜಾತಿಯ ಕಟ್ಟು ಇಲ್ಲದಿದ್ದರೆ ಈ ಜನ ಹೇಗಾಗುತ್ತಿದ್ದರು ಅನ್ನುವುದಕ್ಕೆ ಉದಾಹರಣೆ ಯಾರಂತೆ? ಪರೆಯರಂತೆ! ಸಿಡುಬು ಬಂದರೆ ಚುಚ್ಚುಮದ್ದು, ಜಾತಿಗೆ ಮಾತ್ರ ಶಹಬಾಸ್‌ಗಿರಿ. ಬಿಳಿಯರು ಬಂದದ್ದೇ ನಮ್ಮ ವಿಮೋಚನೆಗೆ ಅಂತ ಭಾಷಣ ಮಾಡುವ ಗೆಳೆಯರು ಈ ಪುಸ್ತಕವನ್ನು ಒಂದು ಸಲ ಓದಬೇಕು. ಪುರೋಹಿತನ ಮಾತು ಪಾದ್ರಿಯ ಬಾಯಲ್ಲಿ ಬಂದರೆ ಅದಕ್ಕೆ ಸಂಶೋಧನೆ ಅಂತ ಹೆಸರು ಬರುತ್ತದೆ, ಅಷ್ಟೇ.

ಅದೇ ಕಾಲದಲ್ಲಿ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಕಂಪನಿಯ ಹುಕುಮ್ಮಿನ ಮೇಲೆ ಈ ನಾಡನ್ನೆಲ್ಲ ಸುತ್ತಿದ. ನಮ್ಮ ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ಮೇಲೂ ಹಾದುಹೋದ. ತೋಟ, ಬೆಳೆ, ಕಂದಾಯ, ದನ, ಜಾತಿ ಎಲ್ಲ ಬರೆದುಕೊಂಡ. ನಮ್ಮನ್ನೂ ಬರೆದುಕೊಂಡ, ಏನು ತಿನ್ನುತ್ತಾರೆ, ಎಷ್ಟಕ್ಕೆ ದುಡಿಯುತ್ತಾರೆ ಅಂತ. ತೆಂಗಿನ ಮರವನ್ನು ಬರೆದಂತೆಯೇ.

ದಕ್ಷಿಣದ ಹೊಳೆಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನಕ್ಕೆ ಸಂಜೆ ಹೊತ್ತಿಗೆ ಬಂದೆವು. ಮುನ್ನೂರರಷ್ಟು ಗೋರಿಗಳು. ಆಫೀಸರುಗಳು, ಅವರ ಹೆಂಡಿರು, ಮಕ್ಕಳು. ಸ್ವಿಟ್ಜರ್ಲೆಂಡಿನ ದ ಮ್ಯೂರಾನ್ ಪಡೆಯವರೂ ಇದ್ದಾರೆ. ಹೊಳೆ ಜ್ವರ ಅವರನ್ನೂ ಬಿಡಲಿಲ್ಲ. ಸಣ್ಣ ಸಣ್ಣ ಗೋರಿಗಳನ್ನು ನೋಡಿ ಅಕ್ಕಂದಿರಿಬ್ಬರೂ ಸೆರಗು ಹಿಡಿದುಕೊಂಡರು. ಆ ಮಕ್ಕಳ ಮೇಲೆ ನಮಗೇನು ಸಿಟ್ಟು? ಇನ್ನೂರು ವರ್ಷ ಆದ ಮೇಲೆ ಆ ಸ್ವಿಸ್ ಮನೆತನದವರು ಬಂದು, ಹಾ‍ಳು ಬಿದ್ದಿದ್ದ ಗೋರಿಗಳನ್ನು ರಿಪೇರಿ ಮಾಡಿಸಿದರು. ಸಂತೋಷ. ನಮ್ಮ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ನಮ್ಮ ಕೇರಿಯ ಹೆಣಕ್ಕೆ ಮೂರಡಿ ಆರಡಿ ಜಾಗ ಕೊಡಿ, ಹೋಗಲು ದಾರಿ ಬಿಡಿಸಿ ಅಂತ ಅರ್ಜಿ ಹಿಡಿದು ಒಂದು ಕಚೇರಿಗೆ ನಾವು ಎಷ್ಟು ವರ್ಷ ಅಲೆದಿದ್ದೇವೆ! ಮಳೆಗಾಲದಲ್ಲಿ ಕೆರೆಯಂಗಳದ ಕೆಸರಿನಲ್ಲಿ ಹೂತು ಬಂದಿದ್ದೇವೆ. ಒಂದು ಸಲ ಹೂತವರನ್ನು ಮುಂದಿನ ವರ್ಷ ಗುರುತು ಹಿಡಿದವರಿಲ್ಲ. ಏಳು ಸಾವಿರ ಕಿಲೋಮೀಟರ್ ಆಚೆಯಿಂದ ಬಂದು ಕೊಂದವನಿಗೂ ಕಾವೇರಿ ದಡದಲ್ಲಿ ಕಲ್ಲಿದೆ. ಇದೇ ಮಣ್ಣು ಉತ್ತವನಿಗೆ ಗುಂಡಿಯೂ ಕಡ.

ಎರಡನೆಯ ದಿನ ಸಂಗಮಕ್ಕೆ ನಡೆದೆವು. ದಾರಿಯುದ್ದಕ್ಕೂ ಪೂಜೆ ಸಾಮಾನಿನ ಅಂಗಡಿ, ಅಂಗಡಿ ಮುಂದೆ ಕಾಯಿಗಳ ರಾಶಿ. ಕಾಯಿ ಸುಲಿಯುವ ನಮ್ಮ ಗೆಳೆಯ ಒಂದನ್ನು ಎತ್ತಿ ಜುಟ್ಟು ನೋಡಿ, 'ನಮ್ ಕಡೆ ಕಾಯಿ ಕಣಣ್ಣ, ಸುಲ್ದಿರೋದು ನೋಡಿದ್ರೇ ಗೊತ್ತಾಗ್ತೈತೆ' ಅಂದ. ಇರಬಹುದು, ಇಲ್ಲದಿರಬಹುದು. ಆದರೆ ಯಾವನೋ ಒಬ್ಬ ನಮ್ಮಂಥವನು ಕಬ್ಬಿಣದ ಸಲಾಕೆಗೆ ಎದೆ ಕೊಟ್ಟು ಸುಲಿದ ಕಾಯಿ ಅದು. ಕಾಯಿ ಗರ್ಭಗುಡಿಗೆ ಹೋಗುತ್ತದೆ. ಸುಲಿದವನು? ಪಟ್ಟಣದ ರಂಗನಾಥನ ಬಾಗಿಲು ಕಾಯಿದೆಯ ಪ್ರಕಾರ ಎಲ್ಲರಿಗೂ ತೆರೆದಿದೆ, ಊರು ದೊಡ್ಡದು, ಯಾರೂ ಜಾತಿ ಕೇಳುವುದಿಲ್ಲ. ನಮ್ಮ ಸೀಮೆಯ ಒಂದು ಹಳ್ಳಿಯ ಗುಡಿಯಲ್ಲಿ ಕೇರಿಯವರು ಇವತ್ತಿಗೂ ಹೊರಗಿನ ಕಲ್ಲಿನ ಹತ್ತಿರ ಕಾಯಿ ಇಟ್ಟು ನಿಲ್ಲುತ್ತಾರೆ, ಪೂಜಾರಿ ಬಂದು ಎತ್ತಿಕೊಂಡು ಹೋಗುತ್ತಾನೆ.

ಆ ಲಾರಿ ಹತ್ತಿದ ಹುಡುಗ ಅದೇ ಹಳ್ಳಿಯವನು.

ಈಗ ನೇರವಾಗಿ ಮಾತಾಡೋಣ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಟಿಪ್ಪು ಕಟ್ಟಿಸಿದ ಜಾಮಿಯಾ ಮಸೀದಿಯ ಮುಂದೆ, ಇದು ಹನುಮನ ಗುಡಿ ಅಂತ ಮಾಲೆ ಹಾಕಿದ ಮೆರವಣಿಗೆ ಬರುತ್ತದೆ. ಪೊಲೀಸರು ಕೋಲು ಕಟ್ಟಿ ನಿಲ್ಲುತ್ತಾರೆ. ಎರಡೂ ಕಡೆಯ ದೊಡ್ಡವರು ವೇದಿಕೆ ಮೇಲೆ, ಇಲ್ಲವೇ ಟೀವಿಯಲ್ಲಿ. ಬಿಸಿಲಿನಲ್ಲಿ ನಿಂತು ಕೂಗುವವರು ಯಾರು? ಕೇಸು ಬಿದ್ದರೆ ಕೋರ್ಟಿಗೆ ಅಲೆಯುವವರು ಯಾರು? ಯಾವ ಶೆಟ್ಟರ, ಯಾವ ಗೌಡರ, ಯಾವ ಭಟ್ಟರ ಮಗ ಜಾಮೀನಿಗೆ ಜಮೀನಿನ ಪತ್ರ ಇಟ್ಟಿದ್ದಾನೆ ಹೇಳಿ ನೋಡೋಣ! ತನ್ನ ಊರಿನ ಹನುಮನ ಗುಡಿಯ ಹೊಸಿಲು ದಾಟದ ಹುಡುಗ ಇಲ್ಲಿ ಬಂದು ಹನುಮನನ್ನು ಬಿಡಿಸಬೇಕಂತೆ. ಮೊದಲು ಹನುಮ ಅವನನ್ನು ಬಿಡಿಸಲಿ. ಇನ್ನೊಂದು ಕಡೆಯ ಜಾತ್ಯತೀತ ಗೆಳೆಯರಿಗೂ ಒಂದು ಮಾತು. ನಿಮ್ಮ ಟಿಪ್ಪು ಸಭೆಗಳಲ್ಲೂ ಕುರ್ಚಿ ಎತ್ತಿದವರು, ಬ್ಯಾನರ್ ಕಟ್ಟಿದವರು ನಮ್ಮ ಹುಡುಗರೇ. ಶಿರಾದ ಹನ್ನೆರಡು ಸಾವಿರ ಮನೆಗಳ ಬಗ್ಗೆ ಆ ವೇದಿಕೆಯಲ್ಲಿ ಒಂದು ಸಲವಾದರೂ ಮಾತು ಬಂದಿದೆಯೇ?

ಗ್ರಾಮಾಂತರ ಶಾಲೆಗಳ ಮೇಷ್ಟ್ರುಗಳಿಗೆ ನಮ್ಮದೊಂದು ಕೋರಿಕೆ. ಟೂರಿಗೆ ಮಕ್ಕಳನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೀರಿ, ಹೋಗಿ. ಬಸ್ಸಿನಿಂದ ಇಳಿಸಿ ನಡೆಸಿ. ಸೇತುವೆಯ ಮೇಲೆ ನಿಲ್ಲಿಸಿ ಕಲ್ಲು ಮುಟ್ಟಿಸಿ. ಸ್ತಂಭದ ಮೇಲಿನ ಹೆಸರು ಓದಿಸಿದ ಮೇಲೆ, ಯಾರ ಹೆಸರು ಇಲ್ಲ ಅಂತಲೂ ಬರೆಸಿ. ಟೂರಿನ ದುಡ್ಡು ಕೊಡಲಾಗದೆ ಕೇರಿಯಲ್ಲೇ ಉಳಿದ ಮಕ್ಕಳನ್ನು, ನೀವು ವಾಪಸ್ಸು ಬಂದ ಮೇಲೆ, ಅವರ ಅಜ್ಜ ಅಜ್ಜಿಯರ ಹತ್ತಿರ ಕಳಿಸಿ, ಜೀತ ಎಷ್ಟು ವರ್ಷ, ಎಷ್ಟು ಸಾಲಕ್ಕೆ, ಯಾವ ಕೊಟ್ಟಿಗೆ ಅಂತ ಕೇಳಿ ಬರೆದುಕೊಂಡು ಬರಲಿ.

ನಾವು ಶುರು ಮಾಡಿದ್ದೇವೆ. ವಾಪಸ್ಸು ಬರುವಾಗ ಬಸ್ಸಿನಲ್ಲೇ ಅಜ್ಜ ಹೇಳುತ್ತಾ ಹೋದ, ಹುಡುಗ ನೋಟು ಪುಸ್ತಕದಲ್ಲಿ ಬರೆಯುತ್ತಾ ಬಂದ. ನಾಗಮಂಗಲ ದಾಟುವಷ್ಟರಲ್ಲಿ ಇಪ್ಪತ್ಮೂರು ಹೆಸರಾಗಿತ್ತು. ಕಾವಲಿನಲ್ಲಿ ಸತ್ತ ದನ ಎಳೆದವರು, ಕೆರೆ ಏರಿಗೆ ಮಣ್ಣು ಹೊತ್ತವರು, ಜೀತದಲ್ಲಿ ಸತ್ತವರು, ಮೊದಲನೇ ಸಲ ಹೋಟೆಲಿನ ಒಳಗೆ ಕೂತು ಕಾಫಿ ಕೇಳಿ ಏಟು ತಿಂದವನು. ತುರುವೇಕೆರೆಯಲ್ಲಿ ಬಸ್ಸು ಟೀಗೆ ನಿಂತಿತು. ಅಜ್ಜ ಎಚ್ಚರಾಗಿ, 'ಒಬ್ಬ ಬಿಟ್ಟೋದ ನೋಡು ಮಗ, ತಮಟೆ ಹೊಡೆಯೋನು, ಎಡಗಾಲು ಕುಂಟು. ಹೆಸರು ಬಾಯಿಗೆ ಬರ್ತಿಲ್ಲ' ಅಂದ. ಹುಡುಗ ಒಂದು ಸಾಲು ಖಾಲಿ ಬಿಟ್ಟು ಪುಸ್ತಕ ಮುಚ್ಚಿದ.

ಲಾರಿ ಡಿಸೆಂಬರಿನಲ್ಲಿ ಮತ್ತೆ ಬರುತ್ತದೆ. ಅಷ್ಟರೊಳಗೆ ಹುಳಿಯಾರು ಹೋಬಳಿಯ ಪ್ರತಿ ಕೇರಿಯಲ್ಲೂ ಒಂದೊಂದು ನೋಟು ಪುಸ್ತಕ ಇಡಬೇಕೆಂದು ತೀರ್ಮಾನಿಸಿದ್ದೇವೆ. ನಿಮ್ಮ ಕಡೆಯದನ್ನು ಬರೆದು ಪತ್ರಿಕೆಗೆ ಕಳಿಸಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ.